ವಿಮಾನ ಹತ್ತಲು ಗುರುತಿನ ಚೀಟಿ ಬೇಕೇ ಬೇಕಾ?

ಪರ

ನಮ್ಮ ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಿಂದ ವಿಮಾನ ಹಾರಾಟ ಶುರುವಾಗಿದ್ದು 2023ರ ಆಗಸ್ಟ್ 31ಕ್ಕೆ. ಅದಕ್ಕೂ ಎರಡು ತಿಂಗಳು ಮೊದಲೇ ನಮ್ಮ ಹೆಂಗಸರು ಶಕ್ತಿ ಯೋಜನೆಯ ಬಸ್ಸಲ್ಲಿ ಕಂಡಕ್ಟರ್‌ಗೆ ಆಧಾರ್ ತೋರಿಸಿ ಸಾಗರ, ತೀರ್ಥಹಳ್ಳಿ ಸುತ್ತುತ್ತಿದ್ದರು. ಬಸ್ಸಿಗೆ ತೋರಿಸಿದ್ದನ್ನು ವಿಮಾನಕ್ಕೂ ತೋರಿಸುವುದು ದೊಡ್ಡ ಕಷ್ಟವೇನಲ್ಲ, ಅಲ್ವಾ? ಆಧಾರೇ ಆಗಬೇಕೆಂದಿಲ್ಲ. ವೋಟರ್ ಐಡಿ, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಯಾವುದಾದರೂ ನಡೆಯುತ್ತದೆ. ದೇಶದೊಳಗೆ ಅಪ್ಪ ಅಮ್ಮನ ಜೊತೆ ಹೋಗುವ ಮಕ್ಕಳಿಗೆ ಅದೂ ಬೇಡ.

ನನಗೆ ಮುಖ್ಯವಾದ ಕಾರಣ ಬೇರೆ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಜನ ಸತ್ತರು. ಅಂಥ ದಿನ ಮನೆಯವರು ಮೊದಲು ಹುಡುಕುವುದು ಪ್ರಯಾಣಿಕರ ಪಟ್ಟಿಯನ್ನು. ಯಾರದೋ ಟಿಕೆಟ್‌ನಲ್ಲಿ ಇನ್ಯಾರೋ ಹತ್ತಿದ್ದರೆ ಸಾವಿನ ಸುದ್ದಿ ತಪ್ಪು ಮನೆಗೆ ಹೋಗುತ್ತದೆ.

ವಿರೋಧ

ಪಟ್ಟಿಯ ಮಾತು ಒಪ್ಪುತ್ತೇನೆ. ಆದರೆ ಚೀಟಿ ಕೇಳುವುದು ಭದ್ರತೆಗೆ ಅನ್ನುತ್ತಾರಲ್ಲ, ಅದು ನನಗೆ ಹಿಡಿಸುವುದಿಲ್ಲ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನ ಅಪಹರಿಸಿದ 19 ಜನ ಟಿಕೆಟ್ ಕೊಂಡು, ಚೆಕ್-ಇನ್ ಮಾಡಿಸಿಯೇ ಹತ್ತಿದ್ದರು.

ನಮ್ಮಮ್ಮ ವೋಟರ್ ಐಡಿಯಲ್ಲಿ ಸರೋಜಮ್ಮ, ಆಧಾರ್‌ನಲ್ಲಿ ಸರೋಜ ಕೆ. ಎಸ್., ಊರಿಗೆಲ್ಲ ಸರೋಜಕ್ಕ. ಟಿಕೆಟ್ ಮಾಡಿಸುವಾಗ ನಾನು ಸುಮ್ನೆ ಸರೋಜ ಅಂತ ಹಾಕಿದ್ದೆ. ದೂರದ ಊರಿನ ಒಂದು ನಿಲ್ದಾಣದಲ್ಲಿ, ವಾಪಸ್ ಬರುವಾಗ, ಬಾಗಿಲಲ್ಲೇ ತಡೆದರು. ಅಮ್ಮ ಎಲೆಅಡಿಕೆ ಸಂಚಿ ಬಿಚ್ಚಿ ಕಾರ್ಡ್ ಒಂದೊಂದಾಗಿ ತೆಗೆದರು. ಆಧಾರ್‌ಗೆ ಸುಣ್ಣ ಮೆತ್ತಿತ್ತು. ಸೆರಗಲ್ಲಿ ಒರೆಸಿ ಕೊಟ್ಟರು. ಆ ಇನಿಷಿಯಲ್‌ಗಾಗಿ ಇಪ್ಪತ್ತು ನಿಮಿಷ ಹೋಯಿತು. (ತಪ್ಪು ನನ್ನದೇ, ಬೈಸಿಕೊಂಡಿದ್ದು ಅಮ್ಮ.)

ನಮಗಾದರೂ ಕಾರ್ಡ್ ಇತ್ತು. ಏನೂ ಇಲ್ಲದವರು ಫೋಟೋ ಅಂಟಿಸಿ, ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿದ ಪತ್ರ ತರಬೇಕು. ಆಗುಂಬೆ ಕಡೆಯ ಒಂಟಿಮನೆಯವರು ಜಡಿಮಳೆಯಲ್ಲಿ ಆ ಸಹಿಗೆ ಎಷ್ಟು ಸಲ ತೀರ್ಥಹಳ್ಳಿಗೆ ಇಳಿಯಬೇಕೋ!

ಒಳಗೆ ಹೋದೆವು. ಅಮ್ಮನ ಬ್ಯಾಗ್ ಎಕ್ಸ್‌ರೇಗೆ ಹೋಯಿತು. ಬೆಲ್ಟ್ ತಕ್ಷಣ ನಿಂತಿತು. ಪರದೆ ನೋಡುತ್ತಿದ್ದ ಹುಡುಗಿ ಹೆಸರು ಕೇಳಲಿಲ್ಲ, ಕಾರ್ಡ್ ಕೇಳಲಿಲ್ಲ. ಬ್ಯಾಗಿಗೆ ಕೈಹಾಕಿ ಸೀದಾ ಅಡಕತ್ತರಿ ಹೊರಗೆ ತೆಗೆದಳು.