ಸಂತಾಪದ ಸಂದೇಶಗಳಾಚೆಗೆ ನಡೆದ ಕೆಲಸ

ದೊಡ್ಡ ಭೂಕಂಪವಾದಾಗ ಜಾಲತಾಣಗಳಲ್ಲಿ ಹರಿದಾಡುವ ಅನುಕಂಪವೆಲ್ಲ ಬರಿಯ ಪ್ರದರ್ಶನವೆಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಅಭಿಪ್ರಾಯಪಟ್ಟಿದ್ದಾರೆ. ಸಂತಾಪದ ಚಿತ್ರ ಹಂಚಿ ಸುಮ್ಮನಾಗುವವರ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ನೇಪಾಳದ ಅನುಭವವನ್ನು ಅವರು ಗಣನೆಗೆ ತೆಗೆದುಕೊಳ್ಳಬೇಕಿತ್ತು. 2015ರ ಏಪ್ರಿಲ್ 25ರಂದು ಸಂಭವಿಸಿದ 7.8 ತೀವ್ರತೆಯ ಕಂಪನಕ್ಕೆ ಗೋರ್ಖಾ, ಸಿಂಧುಪಾಲ್‌ಚೋಕ್ ಜಿಲ್ಲೆಗಳ ಬೆಟ್ಟದ ಹಳ್ಳಿಗಳು ನೆಲಕಚ್ಚಿದಾಗ, ಅಲ್ಲಿಗೆ ತಲುಪುವ ಹಾದಿ ಯಾವುದು, ಹೆಲಿಕಾಪ್ಟರ್ ಇಳಿಸಲು ಬಯಲು ಎಲ್ಲಿದೆ ಎಂಬುದನ್ನು ತೋರಿಸುವ ವಿವರವಾದ ನಕ್ಷೆಗಳು ಅನೇಕ ಕಡೆಗೆ ಇರಲೇ ಇಲ್ಲ. ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು, ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲ ನಕ್ಷೆಯಲ್ಲಿ ರಸ್ತೆ, ಕಾಲುದಾರಿ, ಮನೆಗಳನ್ನು ಒಂದೊಂದಾಗಿ ಗುರುತಿಸಿ ಆ ಕೊರತೆಯನ್ನು ನೀಗಿಸಲು ಮುಂದಾದವರು ಜಗತ್ತಿನ ಬೇರೆಬೇರೆ ಮೂಲೆಗಳಲ್ಲಿದ್ದ ಸಾವಿರಾರು ಸ್ವಯಂಸೇವಕರು. ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಸ್ಥಳೀಯ ಸಂಸ್ಥೆಯಂತೂ ಕಠ್ಮಂಡು ಕಣಿವೆಯ ಶಾಲೆ, ಆಸ್ಪತ್ರೆಗಳನ್ನು ಭೂಕಂಪಕ್ಕೆ ಮೊದಲೇ ನಕ್ಷೆಗೆ ಏರಿಸಿತ್ತು (ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ). ಅನಂತರ ಸಂತ್ರಸ್ತರ ಮೊರೆಗಳನ್ನು ಸ್ಥಳಸಮೇತ ದಾಖಲಿಸುವ ತಾಣವನ್ನೂ ನಡೆಸಿತು. ಲೇಖಕರ ಸಿಟ್ಟು ಅನುಕಂಪದ ಬದಲು ವದಂತಿಗಳ ಮೇಲೆ ತಿರುಗಿದ್ದರೆ ಹೆಚ್ಚು ಉಚಿತವಾಗುತ್ತಿತ್ತು: ಭೂಕಂಪದ ಗಳಿಗೆಯನ್ನು ಮುಂಚಿತವಾಗಿ ಹೇಳಬಲ್ಲ ವಿಧಾನ ಯಾವ ವಿಜ್ಞಾನಿಗೂ ತಿಳಿಯದಿದ್ದರೂ, ಮುಂದಿನ ಕಂಪನದ ಸಮಯವನ್ನು ನಾಸಾ ತಿಳಿಸಿದೆಯೆಂಬ ಸುಳ್ಳು ಸಂದೇಶ ಅದೇ ದಿನಗಳಲ್ಲಿ ನಮ್ಮ ದೇಶದ ವಾಟ್ಸ್‌ಆಪ್ ಗುಂಪುಗಳಲ್ಲಿ ಸುತ್ತಾಡಿ ಜನರನ್ನು ಕಂಗೆಡಿಸಿತ್ತು.