ಹಡಗು ಬಂದಾಗ ದಾರಿ ಬಿಡುವ ಸಿಗ್ನಲ್

ಸ್ಯಾನ್ ಡಿಯೇಗೊದಲ್ಲಿ ನಾನು ನೋಡಿಕೊಳ್ಳುವ ಗೋದಾಮಿಗೆ ಒಂದು ಪುಟ್ಟ ಖಾಸಗಿ ವೈರ್‌ಲೆಸ್ ನೆಟ್‌ವರ್ಕ್ ಇದೆ. ಒಂದು ಬೆಳಿಗ್ಗೆ ನಾವು ಬಳಸುತ್ತಿದ್ದ ಚಾನೆಲ್‌ನ ಅನುಮತಿ ರದ್ದಾಗಿ, ಪರದೆಯ ಮೇಲೆ ಕೆಂಪು ಗುರುತು ಬಂತು. ರೇಡಿಯೊ ತಾನಾಗಿಯೇ ಆ ಚಾನೆಲ್ ಬಿಟ್ಟು 3650 ಮೆಗಾಹರ್ಟ್ಸ್‌ಗಿಂತ ಮೇಲಕ್ಕೆ ಹೋಯಿತು. ಯಾಕೆ ಅಂತ ಯಾರೂ ಹೇಳುವುದಿಲ್ಲ. ನೌಕಾಪಡೆಯ ಹಡಗು ಎಲ್ಲಿದೆ ಅನ್ನೋದು ಗುಟ್ಟು, ಅಲ್ವಾ? ಸ್ಕ್ಯಾನರ್ ಹಿಡಿದು ಓಡಾಡುವವರಿಗೆ ಏನೂ ಗೊತ್ತಾಗಲಿಲ್ಲ.

3550ರಿಂದ 3700 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ, 3650ರ ಕೆಳಗಿನ ಭಾಗದಲ್ಲಿ, ಅಮೆರಿಕದ ನೌಕಾಪಡೆಯ ಹಡಗುಗಳ ರೇಡಾರ್ ಮೊದಲಿನಿಂದಲೂ ಇತ್ತು. 2015ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಈ ಬ್ಯಾಂಡನ್ನು ಬೇರೆಯವರೂ ಹಂಚಿಕೊಂಡು ಬಳಸುವ ನಿಯಮ ತಂದಿತು. ಕರಾವಳಿಯುದ್ದಕ್ಕೂ ಸೆನ್ಸರ್‌ಗಳು ರೇಡಾರ್‌ಗೆ ಕಿವಿಗೊಟ್ಟಿರುತ್ತವೆ. ಅದು ಕೇಳಿಸಿದರೆ, ಯಾರು ಯಾವ ಚಾನೆಲ್ ಬಳಸಬಹುದು ಅಂತ ತೀರ್ಮಾನಿಸುವ ಡೇಟಾಬೇಸ್‌ಗೆ ಸುದ್ದಿ ಹೋಗುತ್ತದೆ. ಅಲ್ಲಿಂದ ಆದೇಶ ಬಂದರೆ 60 ಸೆಕೆಂಡಿನೊಳಗೆ ಚಾನೆಲ್ ಖಾಲಿ ಮಾಡಬೇಕು. ಹಡಗು ಹೋದ ಮೇಲೆ ವಾಪಸ್ ಬರಬಹುದು. ತೊಂದರೆಯೂ ಉಂಟು: ಸೆನ್ಸರ್ ಸುತ್ತಮುತ್ತ ಜೋರಾಗಿ ಪ್ರಸಾರ ಮಾಡುವ ಹಾಗಿಲ್ಲ. ನಮ್ಮ ಒಂದು ಆಂಟೆನಾದ ಪವರ್ ಈ ಕಾರಣಕ್ಕೇ ಇಳಿಸಬೇಕಾಯಿತು.

ನಮ್ಮ ಭಾರತದಲ್ಲಿ ದಾರಿ ಬೇರೆ. ಸೇನೆ ತನ್ನ ಸ್ಪೆಕ್ಟ್ರಮ್ (ರೇಡಿಯೊ ತರಂಗಗಳ ಪಾಲು) ಬಿಟ್ಟುಕೊಡಬೇಕು, ಬದಲಿಗೆ ಸರ್ಕಾರ ಫೈಬರ್ ಜಾಲ ಕಟ್ಟಿಕೊಡಬೇಕು. 2018ರ ಹೊತ್ತಿಗೆ ಆ ಯೋಜನೆಯ ಮೊತ್ತ 24,664 ಕೋಟಿ ರೂಪಾಯಿಗೆ ಏರಿತ್ತು. ಸೇನೆಗೆ ಗಟ್ಟಿಯಾದ ಸಂಪರ್ಕ ಸಿಗುವುದು ಒಳ್ಳೆಯದೇ. ಆದರೆ ಫೈಬರ್‌ನಲ್ಲಿ ಮಾತು ಕಳಿಸಬಹುದು, ರೇಡಾರ್ ನಡೆಸೋಕಾಗಲ್ಲ. ಆಕಾಶ ನೋಡೋಕೆ ಅದಕ್ಕೆ ತರಂಗಗಳೇ ಬೇಕು. ಅಂಥ ಕಡೆ ಹಂಚಿಕೊಳ್ಳುವುದನ್ನು ನಾವೂ ಕಲಿಯಲೇಬೇಕು ಅನ್ನೋದು ನನ್ನ ಅನಿಸಿಕೆ.

ಇನ್ನೊಂದು ವ್ಯತ್ಯಾಸ ನನ್ನನ್ನು ಜಾಸ್ತಿ ಕಾಡುತ್ತದೆ. ಅಮೆರಿಕದಲ್ಲಿ 3550–3700ರ ಇದೇ ಬ್ಯಾಂಡಿನ ಒಂದು ಪಾಲನ್ನು 2020ರಲ್ಲಿ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಲೆಕ್ಕದಲ್ಲಿ ಹರಾಜು ಹಾಕಿದರು. 228 ಮಂದಿ ಗೆದ್ದರು. ಉಳಿದದ್ದನ್ನು ಹರಾಜಿನಲ್ಲಿ ಕೊಳ್ಳದೆಯೇ ಬಳಸಬಹುದು, ನಮ್ಮ ಗೋದಾಮು ಬಳಸುತ್ತಿರುವುದೂ ಅದನ್ನೇ. ಭಾರತದ 2022ರ ಹರಾಜಿನಲ್ಲಿ ಗೆದ್ದವರು ನಾಲ್ಕೇ ಕಂಪನಿ, ಅಲ್ಲಿ ಇಡೀ ಕರ್ನಾಟಕ ಒಂದೇ ಸರ್ಕಲ್, ಅಂದರೆ ಹರಾಜಿನ ಒಂದೇ ವಲಯ. ಒಂದು ತಾಲೂಕಿಗೆ ಸಾಕಾಗುವಷ್ಟು ಸ್ಪೆಕ್ಟ್ರಮ್ ಬೇಕು ಅನ್ನುವ ಕಾಲೇಜು ಅಥವಾ ಬಂದರು ಆ ಹರಾಜಿಗೆ ಹೋಗಿ ಏನು ಮಾಡೀತು?

ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ. ಅದರ ಪಕ್ಕದಲ್ಲೇ ಊರು, ಮೀನುಗಾರಿಕೆ ಬಂದರು, ಆಸ್ಪತ್ರೆ ಎಲ್ಲ ಇವೆ. ನೌಕಾಪಡೆಯನ್ನು ಜೊತೆಗೆ ಕೂರಿಸಿಕೊಂಡು ಇಂಥ ಸೆನ್ಸರ್‌ಗಳ ಪ್ರಯೋಗ ಅಲ್ಲಿಂದಲೇ ಶುರು ಮಾಡಬಹುದು.