ಡಾಕ್ಟರಿಗೆ ರತ್ನಗಂಬಳಿ, ಕೂಲಿಯವರಿಗೆ ಕಳ್ಳದಾರಿ

ಆಗ್ನೇಯ ಏಷ್ಯಾದ 10 ದೇಶಗಳು ಸೇರಿಕೊಂಡು 2015ರ ಡಿಸೆಂಬರ್ 31ಕ್ಕೆ ‘ಆಸಿಯಾನ್ ಆರ್ಥಿಕ ಸಮುದಾಯ’ ಶುರು ಮಾಡಿದವು. ನುರಿತ ಕೆಲಸಗಾರರು ಇನ್ನು ಪಕ್ಕದ ದೇಶಕ್ಕೆ ಸಲೀಸಾಗಿ ಹೋಗಬಹುದು ಎಂದರು. ಯಾರಪ್ಪಾ ಈ ನುರಿತವರು? ಎಂಜಿನಿಯರು, ಆರ್ಕಿಟೆಕ್ಟು, ಡಾಕ್ಟರು, ದಂತವೈದ್ಯರು, ನರ್ಸು, ಅಕೌಂಟೆಂಟು, ಸರ್ವೇಯರು, ಪ್ರವಾಸೋದ್ಯಮದವರು. ಒಟ್ಟು 8 ವೃತ್ತಿ.

ಸರಿ, ಮನಿಲಾದ ಡಾಕ್ಟರೊಬ್ಬರು ಖುಷಿಯಿಂದ ಬ್ಯಾಂಕಾಕಿಗೆ ಹೊರಟರು ಅಂದುಕೊಳ್ಳಿ. ಅಲ್ಲಿ ಲೈಸೆನ್ಸ್ ಪರೀಕ್ಷೆ ಥಾಯ್ ಭಾಷೆಯಲ್ಲಿ! ರೋಗಿಯ ಮಾತು ಡಾಕ್ಟರಿಗೆ ತಿಳಿಯಬೇಕು, ಅದು ನ್ಯಾಯವೇ. ಹಾಗಾದರೆ ಸಲೀಸು ಅಂತ ಡಂಗುರ ಸಾರಿದ್ದು ಯಾಕೆ?

ನಿಜವಾಗಿ ಗಡಿ ದಾಟುವವರು ಬೇರೆ. ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ನಿಂದ ಥಾಯ್ಲೆಂಡಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಬ್ಯಾಂಕಾಕ್ ಪಕ್ಕದ ಮೀನುಗಾರಿಕೆ ಬಂದರು ಸಮುತ್ ಸಾಖೊನ್‌ನಲ್ಲಿ ಸೀಗಡಿ ಸುಲಿಯುತ್ತಾರೆ, ದೋಣಿಯಲ್ಲಿ ಬಲೆ ಎಳೆಯುತ್ತಾರೆ, ಬ್ಯಾಂಕಾಕಿನ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಾರೆ, ಯಾರದೋ ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಆ ಎಂಟರಲ್ಲಿ ಇವರಿಲ್ಲ. ಮದುವೆ ಕರೆಯೋಲೆ ಬರೋಕಾಗದ ನೆಂಟರಿಗೆ ಹೋಗಿದೆ, ಪಾತ್ರೆ ತೊಳೆಯೋರು ಹಿತ್ತಿಲ ಬಾಗಿಲಿಂದ ಬಂದು ಆಗಲೇ ಕೆಲಸಕ್ಕೆ ಕೂತಿದ್ದಾರೆ.

ಥಾಯ್ಲೆಂಡಿನ ಇನ್ನೊಂದು ತಮಾಷೆ ಕೇಳಿ. ವಿದೇಶಿಯರು ಮಾಡಬಾರದ 39 ಕೆಲಸಗಳ ಪಟ್ಟಿಯನ್ನು 1979ರಲ್ಲೇ ಮಾಡಿಟ್ಟಿದ್ದರು. ಕ್ಷೌರ, ಕಾಗದದ ಕೊಡೆ, ಭಿಕ್ಷುಗಳ ಭಿಕ್ಷಾಪಾತ್ರೆ ತಯಾರಿ ಎಲ್ಲ ಅದರಲ್ಲಿತ್ತು. ಜೊತೆಗೆ ಕೂಲಿ ಕೆಲಸವೂ! ಕೂಲಿಗೆ ಅಂತಲೇ ಬಂದವರಿಗೆ ಕೂಲಿ ಬೇಡ. ಆದರೆ ಸೀಗಡಿ ಸುಲಿಯೋರು ಬೇಕಲ್ವಾ? ಅದಕ್ಕೊಂದು ವಿನಾಯಿತಿ, ವಿನಾಯಿತಿಗೊಂದು ಕಾರ್ಡು, ಕಾರ್ಡಿಗೊಂದು ಗಡುವು, ಗಡುವು ಹತ್ತಿರ ಬಂದಾಗ ಒಬ್ಬ ಏಜೆಂಟು.

2017ರ ಜೂನ್‌ನಲ್ಲಿ ಅಲ್ಲಿನ ಸೇನಾ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಕಾನೂನು ನೆನಪಾಯಿತು. ಪರವಾನಗಿ ಇಲ್ಲದವರನ್ನು ಇಟ್ಟುಕೊಂಡ ಮಾಲೀಕರಿಗೆ ತಲೆಗೆ 4 ಲಕ್ಷದಿಂದ 8 ಲಕ್ಷ ಬಾತ್ ದಂಡ ಎಂದರು. ಕೆಲವೇ ದಿನಗಳಲ್ಲಿ ಹತ್ತಾರು ಸಾವಿರ ಜನ ಗಂಟುಮೂಟೆ ಕಟ್ಟಿ ಗಡಿ ಕಡೆ ಓಡಿದರು. ಕಾರ್ಖಾನೆ ಖಾಲಿ, ಕಟ್ಟಡ ಅರ್ಧಕ್ಕೆ. ಮಾಲೀಕರು ಬಾಯಿ ಬಡಿದುಕೊಂಡರು. ಜುಲೈ ಮೊದಲ ವಾರವೇ ಕಾನೂನಿನ ಖಾರದ ಭಾಗಗಳಿಗೆಲ್ಲ 180 ದಿನ ರಜೆ!

ಅದೇ ವರ್ಷ ನವೆಂಬರಿನಲ್ಲಿ ಆಸಿಯಾನ್ ನಾಯಕರೆಲ್ಲ ಮನಿಲಾದಲ್ಲಿ ಸೇರಿ ವಲಸೆ ಕಾರ್ಮಿಕರ ರಕ್ಷಣೆಯ ಒಮ್ಮತ ಪತ್ರಕ್ಕೆ ಸಹಿ ಹಾಕಿದರು. ಈ ಮಾತು ಶುರುವಾಗಿದ್ದು 2007ರಲ್ಲಿ. ಆ ಪತ್ರ ಕಾನೂನಿನ ಪ್ರಕಾರ ಯಾರಿಗೂ ಕಡ್ಡಾಯವಲ್ಲ. ಅಷ್ಟು ಒಪ್ಪಿಕೊಳ್ಳೋಕೆ 10 ವರ್ಷ ಬೇಕಾಯಿತು.